ಪಂಡಿತಾ ರಮಾಬಾಯಿಯವರು: ದೇವರಲ್ಲಿಟ್ಟ ಭರವಸದಿಂದ ಬಂದ ಧೈರ್ಯ

ಹೆಣ್ಣುಮಕ್ಕಳಿಗೆ ಧೈರ್ಯವು ಎಲ್ಲಿಂದ ಬರುವದೆಂಬ ಪ್ರಶ್ನೆಯು ಮಗಳನ್ನು ಶಾಲೆಗೆ ಕಳುಹಿದ ಪ್ರತಿಯೊಂದು ಮನೆಯಲ್ಲಿಯೂ ಇರುವದು. ಅದು ವಿದ್ಯೆಯಿಂದ ಬರುವದೆಂದು ಕೆಲವರು ಹೇಳುವರು. ಕೈಯಲ್ಲಿ ನಾಲ್ಕು ಕಾಸು ಇದ್ದರೆ ಬರುವದೆಂದು ಕೆಲವರು. ಬೆನ್ನ ಹಿಂದೆ ಬಂಧುಬಳಗವಿದ್ದರೆ ತಾನಾಗಿಯೇ ಬರುವದೆಂದು ಇನ್ನು ಕೆಲವರು. ಈ ಮೂರೂ ದೇವರು ಕೊಟ್ಟ ಒಳ್ಳೆಯ ವರಗಳೇ ಸರಿ. ಆದರೆ ಕಲಿತ ವಿದ್ಯೆಯು ಉಪಯೋಗಕ್ಕೆ ಬಾರದ ಹೊತ್ತು, ಹಣವು ತೀರಿಹೋದ ಹೊತ್ತು, ಬಂಧುಗಳು ಒಬ್ಬೊಬ್ಬರಾಗಿ ಮಣ್ಣಿಗೆ ಸೇರಿದ ಹೊತ್ತು ಮನುಷ್ಯರ ಬಾಳಿನಲ್ಲಿ ಬಾರದೆ ಇರುವದಿಲ್ಲ. ಅಂಥ ಹೊತ್ತಿನಲ್ಲಿ ಕುಗ್ಗದೆ ನಿಲ್ಲುವ ಧೈರ್ಯವು ಯಾವದು? ಇದಕ್ಕೆ ಬಾಯಿಮಾತಿನ ಉತ್ತರಕ್ಕಿಂತ ಬಾಳಿ ತೋರಿಸಿದ ಉತ್ತರವು ಮೇಲೆಂದು ನೆನಸಿ, ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡುತ್ತೇವೆ.

ರಮಾಬಾಯಿಯವರ ಹೆಸರು ಪುಣೆ ಕೇಡಗಾಂವಗಳ ಹೆಸರುಗಳೊಂದಿಗೆ ಕೂಡಿಕೊಂಡಿರುವದರಿಂದ ಅವರು ನಮ್ಮ ನಾಡಿನವರಲ್ಲವೆಂದು ಕೆಲವರು ತಿಳಿದಾರು. ಹಾಗಲ್ಲ. ಅವರು ಹುಟ್ಟಿದ್ದು ಕನ್ನಡ ನಾಡಿನಲ್ಲಿ. ಮನೆಮಾತು ಮರಾಠಿಯಾದರೂ ಅವರು ಕನ್ನಡವನ್ನೂ ಬಲ್ಲವರಾಗಿದ್ದರು. ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿಯೂ ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿಯೂ 1948ರ ವರೆಗೆ ಇದ್ದುದರಿಂದ, ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಆಡಿ ಬೆಳೆದ ಸೀಮೆಯು ನಮ್ಮದು. ಎರಡು ನುಡಿಗಳ ನಡುವೆ ಬಾಳಿದ ಈ ತಾಯಿಯು ನಮಗೆ ಪರಕೀಯಳಲ್ಲ.

ಸಹ್ಯಾದ್ರಿಯ ಮೇಲೆ ತುಂಗಭದ್ರೆಯರು ಹುಟ್ಟುವ ಗಂಗಾಮೂಲದ ಅಡವಿಯಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗರೆಯವರು ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ಪಂಡಿತರು. ಹೆಂಗಸರು ಸಂಸ್ಕೃತವನ್ನು ಕಲಿಯುವದು ಕೂಡದೆಂದು ಲೋಕವು ಹೇಳುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಇದಕ್ಕಾಗಿ ಉಡುಪಿಯ ಪಂಡಿತಸಭೆಯ ಮುಂದೆ ನಿಂತು ಉತ್ತರ ಹೇಳಬೇಕಾಯಿತು; ಶಾಸ್ತ್ರಗಳಿಂದಲೇ ಆಧಾರಗಳನ್ನು ತೆಗೆದು ಅವರು ತಮ್ಮ ಪಕ್ಷವನ್ನು ನಿಲ್ಲಿಸಿದರು. ತಂದೆಯಿಂದ ತಾಯಿಗೆ ಬಂದ ಆ ವಿದ್ಯೆಯು ತಾಯಿಯಿಂದ ಮಗಳಿಗೆ ಬಂತು. ಬೆಳಗಿನ ಜಾವದಲ್ಲಿ, ಮನೆಗೆಲಸವು ಮೊದಲಾಗುವದಕ್ಕೆ ಮುಂಚೆ, ತಾಯಿಯು ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದಳು. ಮುಂದೆ ಲೋಕವು ಮೆಚ್ಚಿದ ಪಾಂಡಿತ್ಯದ ಮೂಲವು ಒಬ್ಬ ತಾಯಿಯ ಬೆಳಗಿನ ನಿದ್ರೆಯ ತ್ಯಾಗವೆಂಬದನ್ನು ನಮ್ಮ ತಾಯಂದಿರು ನೆನಪಿನಲ್ಲಿಡಬೇಕು.

ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗಲೇ ಕುಟುಂಬವು ಆ ಅಡವಿಯ ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟವನ್ನು ಇಳಿದರು. ಅಂದಿನಿಂದ ಅವರಿಗೆ ಊರೆಂಬದು ಇರಲಿಲ್ಲ. ದೇವಾಲಯಗಳ ಮಂಟಪಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣ ಹೇಳಿ, ಕೇಳಿದವರು ಕೊಟ್ಟದ್ದರಲ್ಲಿ ಜೀವನ ಮಾಡುತ್ತಾ, ಉಳಿದದ್ದನ್ನು ದಾನಧರ್ಮಗಳಿಗೆ ವೆಚ್ಚ ಮಾಡುತ್ತಾ ವರುಷಗಳನ್ನು ಕಳೆದರು. ಅವರ ಭಕ್ತಿಯಲ್ಲಿ ಕಪಟವಿರಲಿಲ್ಲ. ತಾವು ಅರಿತಮಟ್ಟಿಗೆ ಅವರು ದೇವರನ್ನು ಪೂರ್ಣಮನಸ್ಸಿನಿಂದ ಹುಡುಕಿದರು.

ಇಂತಿರಲು 1870ರ ದಶಕದ ಬರಗಾಲವು ದಕ್ಷಿಣದೇಶದ ಮೇಲೆ ಬಂತು. ಬರವೆಂದರೇನೆಂದು ನಮ್ಮ ಸೀಮೆಯವರಿಗೆ ಯಾರೂ ವಿವರಿಸಿ ಹೇಳಬೇಕಾದದ್ದಿಲ್ಲ. 1876ರಲ್ಲಿ ಮಳೆ ತಪ್ಪಿದಾಗ ಬೀಳಗಿಯು ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಧೆಪಟ್ಟ ಜಿಲ್ಲೆಗಳಲ್ಲಿ ಒಂದಾಗಿತ್ತು. ಧಾತು ಸಂವತ್ಸರದ ಆ ಬರದಲ್ಲಿ ಕೃಷ್ಣೆ ಘಟಪ್ರಭೆಗಳ ನಡುವಿನ ಹಳ್ಳಿಗಳು ಬರಿದಾದವು. ಜನರು ದನಕರುಗಳನ್ನು ಬಿಟ್ಟು ಗುಳೆ ಹೋದರು. ಆ ದಶಕದಲ್ಲಿ ಅನಂತಶಾಸ್ತ್ರಿಗಳ ಕುಟುಂಬವು ಅನುಭವಿಸಿದ್ದು ನಮ್ಮ ಹಿರಿಯರು ಅನುಭವಿಸಿದ ಸಂಕಟವೇ.

ಹಣವು ತೀರಿತು, ಒಡವೆಗಳು, ತಾಮ್ರ ಹಿತ್ತಾಳೆಯ ಪಾತ್ರೆಗಳು ಮಾರಿಹೋದವು. ಕೂಲಿ ಮಾಡಲು ಅರಿಯದ, ಭಿಕ್ಷೆ ಬೇಡಲು ನಾಚುವ ಆ ಪಂಡಿತ ಕುಟುಂಬಕ್ಕೆ ಎಲೆಗಳೂ ಕಾಡಿನ ಕಾಯಿಗಳೂ ಆಹಾರವಾದವು. ಮುದುಕರಾಗಿ ಕಣ್ಣು ಕಾಣದೆ ಹೋಗಿದ್ದ ತಂದೆಯವರು ತಮ್ಮ ಅಂತ್ಯವು ಹತ್ತಿರವಾಯಿತೆಂದು ಅರಿತು, ಕಿರಿಯ ಮಗಳನ್ನು ಅಪ್ಪಿಕೊಂಡು, ಆಕೆಯನ್ನು ತಾನು ದೇವರ ಕೈಗೆ ಒಪ್ಪಿಸಿರುವದಾಗಿಯೂ ಆಕೆಯು ದೇವರಿಗೆ ಸೇರಿದವಳಾಗಿ ಆತನನ್ನೇ ಸೇವಿಸಬೇಕೆಂದೂ ಹೇಳಿದರು. ಬೇರೊಂದು ಆಸ್ತಿಯನ್ನು ಅವರು ಮಗಳಿಗೆ ಬಿಟ್ಟುಹೋಗಲಿಲ್ಲ. ಆ ಮಾತಿನ ಅರ್ಥವು ಆಕೆಗೆ ಅಂದು ಪೂರ್ಣವಾಗಿ ತಿಳಿಯಲಿಲ್ಲವಾದರೂ ಅದು ಆಕೆಯ ಹೃದಯದಲ್ಲಿ ಬಿತ್ತಿದ ಬೀಜವಾಯಿತು.

ಕೆಲವು ವಾರಗಳಲ್ಲಿ ತಾಯಿಯೂ ಹಾಸಿಗೆ ಹಿಡಿದಳು. ಹಸಿವಿನಿಂದ ಬಳಲುತ್ತಿದ್ದ ತಾಯಿಗೋಸ್ಕರ ಮಗಳು ನೆರೆಯ ಮನೆಯೊಂದಕ್ಕೆ ಒಂದು ತುಂಡು ರೊಟ್ಟಿಯನ್ನು ಕೇಳಲು ಹೋದಳು. ಸಾವಿರಾರು ಶ್ಲೋಕಗಳನ್ನು ತಡೆಯಿಲ್ಲದೆ ಹೇಳಬಲ್ಲ ಆ ನಾಲಿಗೆಯು ರೊಟ್ಟಿಯೆಂಬ ಒಂದು ಮಾತನ್ನು ಆಡಲಾರದೆ ಹೋಯಿತು. ಕಣ್ಣೀರನ್ನು ನೋಡಿಯೇ ಮನೆಯ ಒಡತಿಯು ರೊಟ್ಟಿಯನ್ನು ಕೊಟ್ಟಳು. ತಾಯಿಯು ಅದನ್ನು ತಿನ್ನುವಷ್ಟು ಶಕ್ತಳಾಗಿರಲಿಲ್ಲ. ಆಕೆಯೂ ಕಾಲವಾದ ಮೇಲೆ ಹಿರಿಯ ಅಕ್ಕನೂ ತೀರಿಕೊಂಡಳು. ಉಳಿದವರು ಅಣ್ಣನಾದ ಶ್ರೀನಿವಾಸನೂ ರಮೆಯೂ ಇಬ್ಬರೇ.

ಅಣ್ಣತಂಗಿಯರು ಕಾಲ್ನಡಿಗೆಯಿಂದ ಎರಡು ಸಾವಿರ ಮೈಲುಗಳಿಗಿಂತಲೂ ಹೆಚ್ಚಾಗಿ ದೇಶವನ್ನು ತಿರುಗಿದರು. ಉತ್ತರದ ಚಳಿಯಲ್ಲಿ ಹೊದಿಕೆಯಿಲ್ಲದೆ ನೆಲದಲ್ಲಿ ಕುಣಿಯನ್ನು ತೋಡಿ, ಒಣಮರಳನ್ನು ಮೈಮೇಲೆ ಎಳೆದುಕೊಂಡು ರಾತ್ರಿಗಳನ್ನು ಕಳೆದರು. ಇಷ್ಟೆಲ್ಲ ಯಾತ್ರೆ ಮಾಡಿಯೂ ಮನಸ್ಸಿಗೆ ಶಾಂತಿಯು ದೊರೆಯದ ಕಾರಣ ಹಳೆಯ ನಂಬಿಕೆಯು ಇಬ್ಬರಲ್ಲಿಯೂ ಸಡಿಲವಾಯಿತು. 1878ರಲ್ಲಿ ಅವರು ಕಲಕತ್ತೆಗೆ ಬಂದರು. ಇಪ್ಪತ್ತು ವರುಷದ ಹುಡುಗಿಯು ಪಂಡಿತರ ನಡುವೆ ಸಂಸ್ಕೃತದಲ್ಲಿ ಉಪನ್ಯಾಸ ಮಾಡುವದನ್ನು ಕೇಳಿ ನಗರವು ಬೆರಗಾಯಿತು. ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನು ಕೊಟ್ಟರು. ನಿನ್ನೆಯ ವರೆಗೆ ರೊಟ್ಟಿಗಾಗಿ ಬಾಗಿಲಲ್ಲಿ ನಿಂತವಳು ಇಂದು ಸಭೆಗಳಲ್ಲಿ ಅಗ್ರಪೀಠವನ್ನು ಪಡೆದಳು.

ಆದರೆ ಬಿರುದು ಕೊಟ್ಟ ಧೈರ್ಯವು ಎಷ್ಟು ದಿವಸದ್ದು? 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ರಮಾಬಾಯಿಯವರು ಬಂಗಾಲದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ಮದುವೆಯಾದರು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯ ಬೇನೆಯಿಂದ ಮರಣಹೊಂದಿದರು. ಇಪ್ಪತ್ತನಾಲ್ಕು ತುಂಬುವದರೊಳಗೆ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಈ ಐವರನ್ನೂ ಕಳಕೊಂಡು, ವರುಷ ತುಂಬದ ಕೂಸನ್ನು ಎತ್ತಿಕೊಂಡು ಅವರು ವಿಧವೆಯಾಗಿ ನಿಂತರು. ಗಂಡನ ಮನೆಯಲ್ಲಿದ್ದಾಗ ಬಂಗಾಲಿ ಭಾಷೆಯ ಲೂಕನ ಸುವಾರ್ತೆಯ ಚಿಕ್ಕ ಪುಸ್ತಕವೊಂದು ಅವರ ಕೈಗೆ ಸಿಕ್ಕಿತ್ತು. ಅದನ್ನು ಓದಿದ್ದರು, ಮನಸ್ಸಿಗೆ ಹಿಡಿಸಿಯೂ ಇತ್ತು. ಅದಕ್ಕಿಂತ ಹೆಚ್ಚಿನದೇನೂ ಆಗ ಆಗಿರಲಿಲ್ಲ.

ಅದೇ ವರುಷ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸರಕಾರವು ನೇಮಿಸಿದ್ದ ಹಂಟರ್ ವಿದ್ಯಾಸಮಿತಿಯ ಮುಂದೆ ಸಾಕ್ಷಿ ಹೇಳಿ, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ಹೆಂಗಸರಿಗೆ ವೈದ್ಯೆಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಆಸೆಯಿಂದ, ಮರಾಠಿಯಲ್ಲಿ ತಾವು ಬರೆದ ಸ್ತ್ರೀಧರ್ಮನೀತಿ ಎಂಬ ಪುಸ್ತಕದಿಂದ ಬಂದ ಹಣವನ್ನು ಕೂಡಿಸಿಕೊಂಡು 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿಯು ಮಂದವಾಗುತ್ತಾ ಬಂದುದರಿಂದ ಆ ಆಸೆಯು ಕೈಗೂಡಲಿಲ್ಲ. ಆದರೆ ದೇವರು ಒಂದು ಬಾಗಿಲನ್ನು ಮುಚ್ಚಿ ಮತ್ತೊಂದನ್ನು ತೆರೆದನು. ವಾಂಟೇಜಿನ ಸಹೋದರಿಯರು ಅವರನ್ನು ತಮ್ಮ ಬಳಿಯಲ್ಲಿ ಇರಿಸಿಕೊಂಡರು. ದಾರಿತಪ್ಪಿದ ಹೆಂಗಸರನ್ನು ಆ ಸಹೋದರಿಯರು ಹೇಸದೆ, ಜರೆಯದೆ ಸಾಕುವದನ್ನು ರಮಾಬಾಯಿಯವರು ಕಣ್ಣಾರೆ ನೋಡಿದರು. ಇಂಥ ಕರುಣೆಯು ಎಲ್ಲಿಂದ ಬಂತೆಂದು ವಿಚಾರಿಸಲಾಗಿ, ಯೋಹಾನನ ಸುವಾರ್ತೆಯಲ್ಲಿ ಯೇಸುವು ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಚರಿತ್ರೆಯನ್ನು ಅವರಿಗೆ ಓದಿ ಹೇಳಿದರು. ಹೆಂಗಸನ್ನು ತಳ್ಳಿಬಿಡದ ರಕ್ಷಕನನ್ನು ಅಲ್ಲಿ ಕಂಡು, 1883ರ ಸಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು.

ಮುಂದೆ ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ತಾವು ಕಲಿಯುತ್ತಾ ಸಂಸ್ಕೃತವನ್ನು ಕಲಿಸುತ್ತಾ ಇದ್ದು, 1886ರಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವ ಸಮಾರಂಭಕ್ಕಾಗಿ ಅಮೇರಿಕೆಗೆ ಹೋದರು. ಮೇಲುಜಾತಿಯ ಹಿಂದೂ ಸ್ತ್ರೀಯರ, ಮುಖ್ಯವಾಗಿ ಬಾಲವಿಧವೆಯರ ಸ್ಥಿತಿಯನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕವು 1887ರಲ್ಲಿ ಪ್ರಕಟವಾಯಿತು. ಅದೇ ವರುಷ ಬೋಸ್ಟನ್ನಿನಲ್ಲಿ ರಮಾಬಾಯಿ ಸಂಘವು ಸ್ಥಾಪಿತವಾಗಿ, ಹತ್ತು ವರುಷಗಳ ವರೆಗೆ ಅವರ ಶಾಲೆಯ ವೆಚ್ಚವನ್ನು ನಡಿಸುವದಾಗಿ ಒಪ್ಪಿಕೊಂಡಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ಇಬ್ಬರೇ ವಿದ್ಯಾರ್ಥಿನಿಯರೊಡನೆ ಪ್ರಾರಂಭವಾಯಿತು. ಅವರಲ್ಲಿ ಒಬ್ಬಳಾದ ಗೋದೂಬಾಯಿಯು ಮುಂದೆ ಸ್ತ್ರೀಶಿಕ್ಷಣಕ್ಕಾಗಿ ಪ್ರಸಿದ್ಧರಾದ ಧೋಂಡೋ ಕೇಶವ ಕರ್ವೆಯವರನ್ನು 1893ರಲ್ಲಿ ಮದುವೆಯಾಗಿ ಅವರ ಕಾರ್ಯದಲ್ಲಿ ಜೊತೆಗಾರ್ತಿಯಾದಳು. ಮರುವರುಷ, ಅಂದರೆ 1890ರಲ್ಲಿ, ಸದನವು ಪುಣೆಗೆ ಬಂತು.

ಇಲ್ಲಿಯ ವರೆಗಿನ ಚರಿತ್ರೆಯನ್ನು ಓದಿದವರು ರಮಾಬಾಯಿಯವರಿಗೆ ಧೈರ್ಯದ ಕೊರತೆಯಿತ್ತೆಂದು ಹೇಳಲಾರರು. ವಿದ್ಯೆಯಿತ್ತು, ಹೆಸರಿತ್ತು, ಸಮುದ್ರದಾಚೆಯ ಸ್ನೇಹಿತರ ಹಣವಿತ್ತು, ಕ್ರೈಸ್ತಮತವೂ ಇತ್ತು. ಆದರೂ ತಮ್ಮ ಮನಸ್ಸಿಗೆ ನೆಮ್ಮದಿಯಿಲ್ಲವೆಂಬದನ್ನು ಅವರು ಮರೆಮಾಡಲಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರುಷಗಳಾದ ಮೇಲೆ, 1891ರ ಸುಮಾರಿಗೆ, ತಾವು ಕ್ರೈಸ್ತಮತವನ್ನು ಕಂಡುಕೊಂಡಿದ್ದರೂ ಕ್ರಿಸ್ತನನ್ನೇ ಕಂಡುಕೊಂಡಿರಲಿಲ್ಲವೆಂಬದು ಅವರಿಗೆ ತೋರಿಬಂತು. ಅದು ವರೆಗೆ ಅವರು ಬುದ್ಧಿಯಿಂದ ಸತ್ಯವನ್ನು ಒಪ್ಪಿಕೊಂಡವರು. ಅಂದಿನಿಂದ ತಮ್ಮನ್ನೇ ಆತನ ಕೈಗೆ ಒಪ್ಪಿಸಿಕೊಟ್ಟವರು. ಒಪ್ಪಿಕೊಳ್ಳುವದಕ್ಕೂ ಒಪ್ಪಿಸಿಕೊಡುವದಕ್ಕೂ ಇರುವ ಅಂತರವು ದೊಡ್ಡದು. ತಂದೆಯು ಸಾಯುವ ಹೊತ್ತಿನಲ್ಲಿ ಮಗಳನ್ನು ದೇವರ ಕೈಗೆ ಕೊಟ್ಟಿದ್ದನು. ಈಗ ಮಗಳು ತನ್ನನ್ನು ತಾನೇ ಕೊಟ್ಟುಕೊಂಡಳು.

ಈ ಭರವಸಕ್ಕೆ ಪರೀಕ್ಷೆಯು ಬೇಗನೆ ಬಂತು. ಶಾರದಾ ಸದನದಲ್ಲಿ ಮತಬೋಧನೆಯನ್ನು ಮಾಡುವದಿಲ್ಲವೆಂಬ ಕರಾರಿತ್ತು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಸತ್ಯವೇದವನ್ನು ಓದಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಹುಡುಗಿಯರಲ್ಲಿ ಕೆಲವರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. ನಗರದಲ್ಲಿ ಗದ್ದಲವಾಯಿತು. 1893ರಲ್ಲಿ ರಾನಡೆ, ಭಾಂಡಾರಕರ ಮುಂತಾದ ಹಿತಚಿಂತಕರು ಸಲಹಾಮಂಡಲಿಯಿಂದ ಹೊರಟುಹೋದರು. ಪಾಲಕರು ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆ ಪಾಲಕರ ಭಯವನ್ನು ನಾವು ಹಳಿಯುವದಿಲ್ಲ. ಮಗಳು ತಮ್ಮ ಮನೆತನದಿಂದ ದೂರವಾದಾಳೆಂಬ ಭಯವು ಯಾವ ಜಾತಿಮತದ ತಾಯಿತಂದೆಗಳಿಗೂ ಸಹಜವಾದದ್ದು. ರಮಾಬಾಯಿಯವರು ಮಾತ್ರ ತಮ್ಮ ನಂಬಿಕೆಯನ್ನು ಯಾರ ಮೇಲೆಯೂ ಹೇರುವದಿಲ್ಲವೆಂದೂ, ಅದನ್ನು ಬಚ್ಚಿಟ್ಟು ನಡೆಯುವದೂ ತಮ್ಮಿಂದಾಗದೆಂದೂ ನಿಂತರು. ಶಾಲೆಯೇ ಮುಚ್ಚಿಹೋದೀತೆಂದು ಎಲ್ಲರೂ ಹೇಳಿದರು. ಅದು ಮುಚ್ಚಲಿಲ್ಲ. ಉಳಿದ ಮಕ್ಕಳೊಡನೆ ಪಾಠಗಳು ನಡೆದವು; ಕೆಲವು ಕಾಲದೊಳಗೆ ಹೊಸ ಮಕ್ಕಳೂ ಬಂದರು. ಜನರ ಮೆಚ್ಚಿಕೆಯು ಹೋದರೂ ದೇವರ ಆಸರೆಯು ಹೋಗುವದಿಲ್ಲವೆಂಬದನ್ನು ಅವರು ಆ ವರುಷದಲ್ಲಿ ಕಲಿತರು.

1896ರಲ್ಲಿ ಮಧ್ಯಪ್ರಾಂತದ ಮೇಲೆ ಮಹಾಕ್ಷಾಮವು ಬಂತು. ತಂದೆತಾಯಿಗಳಿಲ್ಲದ ಹುಡುಗಿಯರೂ ಎಳೆಯ ವಿಧವೆಯರೂ ದಾರಿಗಳಲ್ಲಿ ಅಲೆಯುತ್ತಿರುವರೆಂಬ, ದುಷ್ಟರ ಕೈಗೆ ಬೀಳುತ್ತಿರುವರೆಂಬ ಸುದ್ದಿಯು ಪುಣೆಗೆ ಮುಟ್ಟಿತು. ರಮಾಬಾಯಿಯವರ ಕೈಯಲ್ಲಿ ಇದಕ್ಕಾಗಿ ಹಣವಿರಲಿಲ್ಲ. ಅಮೇರಿಕದ ಸಂಘವು ಒಪ್ಪಿಕೊಂಡದ್ದು ಶಾರದಾ ಸದನದ ಐವತ್ತರವತ್ತು ಮಂದಿ ಮಕ್ಕಳ ವೆಚ್ಚವನ್ನು, ಅದೂ ಹತ್ತು ವರುಷಗಳ ಮಟ್ಟಿಗೆ. ಆ ಹತ್ತು ವರುಷಗಳೂ ಮುಗಿಯುತ್ತಾ ಬಂದಿದ್ದವು. ಲೋಕದ ಲೆಕ್ಕದಲ್ಲಿ ಸುಮ್ಮನಿರುವದೇ ಜಾಣತನ. ಆದರೆ ರೊಟ್ಟಿಯ ತುಂಡಿಗಾಗಿ ಪರರ ಬಾಗಿಲಲ್ಲಿ ಮಾತು ಹೊರಡದೆ ನಿಂತ ಹುಡುಗಿಯನ್ನು ಅವರು ಮರೆತಿರಲಿಲ್ಲ. ಅಂದು ತನ್ನನ್ನು ಉಳಿಸಿದ ದೇವರು ಈ ಮಕ್ಕಳನ್ನು ಉಳಿಸಲಾರನೇ ಎಂದು ಯೋಚಿಸಿ, ಬರದ ಸೀಮೆಗೆ ತಾವೇ ಹೋಗಿ, ಸುಮಾರು ಮುನ್ನೂರು ಮಂದಿ ಹುಡುಗಿಯರನ್ನು ಹೆಂಗಸರನ್ನು ಕರತಂದರು.

ಕರತಂದವರನ್ನು ಇರಿಸುವದೆಲ್ಲಿ? 1897ರಲ್ಲಿ ಪುಣೆಯಲ್ಲಿ ಮಹಾಮಾರಿ ಪ್ಲೇಗು ಹಬ್ಬಿತ್ತು. ಅಷ್ಟು ಜನರನ್ನು ನಗರದಲ್ಲಿ ಇಟ್ಟುಕೊಳ್ಳಕೂಡದೆಂದು ಅಧಿಕಾರಿಗಳು ತಡೆದರು. ಪುಣೆಯಿಂದ ಸುಮಾರು ಮೂವತ್ತನಾಲ್ಕು ಮೈಲು ದೂರದ ಕೇಡಗಾಂವದಲ್ಲಿ ಹಣ್ಣಿನ ತೋಟಕ್ಕಾಗಿ ಕೊಂಡಿದ್ದ ನೂರು ಎಕರೆಗಳಷ್ಟು ಬಯಲುಭೂಮಿಯಿತ್ತು. ಅಲ್ಲಿ ಡೇರೆಗಳನ್ನೂ ಹುಲ್ಲಿನ ಗುಡಿಸಲುಗಳನ್ನೂ ಹಾಕಿ ಮಕ್ಕಳನ್ನು ಇರಿಸಿದರು. ಎಲುಬು ತೊಗಲಾಗಿ ಬಂದವರು, ಬೇನೆಯುಳ್ಳವರು, ಕಳ್ಳತನ ಜಗಳಗಳ ಹೊರತು ಬೇರೊಂದನ್ನು ಕಾಣದವರು ಅವರಲ್ಲಿದ್ದರು. ಸ್ನಾನ ಮಾಡುವದನ್ನೂ ಪಂಕ್ತಿಯಲ್ಲಿ ಕುಳಿತು ಉಣ್ಣುವದನ್ನೂ ಮೊದಲಿನಿಂದ ಕಲಿಸಬೇಕಾಯಿತು. ಆ ಬಯಲಿನಲ್ಲಿ ಎದ್ದ ಮನೆಯೇ ಮುಕ್ತಿ ಸದನವು. 1898ರಲ್ಲಿ ಅದರ ಕಾರ್ಯವು ಸ್ಥಿರವಾಯಿತು.

ಮುಕ್ತಿಗೆ ನಿಶ್ಚಿತವಾದ ವರುಮಾನವಿರಲಿಲ್ಲ. ಬ್ರಿಸ್ಟಲಿನ ಜಾರ್ಜ್ ಮುಲ್ಲರರು ಮನುಷ್ಯರ ಮುಂದೆ ಕೈಚಾಚದೆ, ಪ್ರಾರ್ಥನೆಯಿಂದಲೇ ಸಾವಿರಾರು ಅನಾಥರನ್ನು ಸಾಕಿದ ಚರಿತ್ರೆಯನ್ನು ರಮಾಬಾಯಿಯವರು ಓದಿದ್ದರು. ಆ ದೇವರು ಇಂಗ್ಲೆಂಡಿನಲ್ಲಿ ಮಾತ್ರವೇ ಇರುವವನಲ್ಲವೆಂದು ನಂಬಿ ಅದೇ ಮಾರ್ಗವನ್ನು ಹಿಡಿದರು. ಅವರ ಭರವಸದ ಸ್ವರೂಪವನ್ನು ಇಲ್ಲಿ ಚೆನ್ನಾಗಿ ಗಮನಿಸಬೇಕು. ದೇವರಲ್ಲಿ ಭರವಸವೆಂದರೆ ಕೈಕಟ್ಟಿಕೊಂಡು ಕೂಡ್ರುವದೆಂದು ತಿಳಿಯುವವರುಂಟು. ರಮಾಬಾಯಿಯವರು ನೀರಿಗಾಗಿ ಪ್ರಾರ್ಥಿಸಿದರು, ಬಾವಿಗಳನ್ನೂ ತೋಡಿಸಿದರು. ಅನ್ನಕ್ಕಾಗಿ ಪ್ರಾರ್ಥಿಸಿದರು, ಹೊಲವನ್ನೂ ಬಿತ್ತಿಸಿದರು. ಮಕ್ಕಳ ಮುಂದಿನ ಬಾಳಿಗಾಗಿ ಪ್ರಾರ್ಥಿಸಿದರು, ಅವರ ಕೈಗೆ ಕಸುಬನ್ನೂ ಕೊಟ್ಟರು. ಫಲವು ತಮ್ಮ ಕೈಯಲ್ಲಿಲ್ಲವೆಂದು ಅರಿತವರಾದ ಕಾರಣ ಕೆಲಸದಲ್ಲಿ ಅವರಿಗೆ ಗಾಬರಿಯಿರಲಿಲ್ಲ; ಕೆಲಸವು ದೇವರದೆಂದು ಅರಿತವರಾದ ಕಾರಣ ಅದರಲ್ಲಿ ಆಲಸ್ಯವೂ ಇರಲಿಲ್ಲ.

1900ರಲ್ಲಿ ಗುಜರಾತದ ಬರವು ಬಂದಾಗ ಹಿಂದಿನ ಬರದಲ್ಲಿ ಉಳಿದುಬಂದ ಹುಡುಗಿಯರೇ ಹೊಸಬರ ಶುಶ್ರೂಷೆಗೆ ನಿಂತರು. ಮುಕ್ತಿಯಲ್ಲಿ ಆಶ್ರಯ ಪಡೆದವರ ಸಂಖ್ಯೆಯು ಎರಡು ಸಾವಿರದ ಹತ್ತಿರಕ್ಕೆ ಏರಿತು. ದಾರಿತಪ್ಪಿಸಲ್ಪಟ್ಟವರಿಗೆ ಕೃಪಾ ಸದನವು, ಮುದುಕಿಯರಿಗೂ ಅಶಕ್ತರಿಗೂ ಪ್ರೀತಿ ಸದನವು, ಕುರುಡರಿಗೆ ಬಾರ್ತಿಮಾಯನ ಹೆಸರಿನ ಸದನವು ಉಂಟಾದವು. ಕುರುಡರಿಗೆ ಬೆರಳಿನಿಂದ ಓದುವ ವಿದ್ಯೆಯನ್ನು ಮನೋರಮಾಬಾಯಿಯವರು ಕಲಿಸಿದರು. ಹೊಲಿಗೆ, ಎಣ್ಣೆ ತೆಗೆಯುವದು, ಹೈನು, ಅಡಿಗೆ, ಅಚ್ಚುಕೂಟ, ನೇಯ್ಗೆ ಎಲ್ಲವೂ ಹೆಣ್ಣುಮಕ್ಕಳ ಕೈಯಿಂದಲೇ ನಡೆದವು. ಮಗ್ಗದ ಶಬ್ದವನ್ನು ಕೇಳುತ್ತಾ ಬೆಳೆದ ರಬಕವಿ-ಬನಹಟ್ಟಿಯ ನಮ್ಮ ವಿದ್ಯಾರ್ಥಿನಿಯರಿಗೆ ಒಂದು ಸಂಗತಿಯು ತಿಳಿದದ್ದೇ: ಹಾಸು ಸರಿಯಾಗಿ ಕಟ್ಟದಿದ್ದರೆ ಹೊಕ್ಕಿನ ನೂಲು ಎಷ್ಟು ಚೆಂದವಿದ್ದರೂ ಸೀರೆಯು ನಿಲ್ಲದು. ರಮಾಬಾಯಿಯವರ ದುಡಿಮೆಯು ಹೊಕ್ಕು, ಭರವಸವು ಹಾಸು.

ಅವರ ಕಡೆಯ ದೊಡ್ಡ ಕೆಲಸವು ಸತ್ಯವೇದದ ಭಾಷಾಂತರವು. ಹಳ್ಳಿಯ ಓದುಬಾರದ ಹೆಂಗಸಿಗೂ ತಿಳಿಯುವಂಥ ಸುಲಭವಾದ ಮರಾಠಿಯಲ್ಲಿ ಅದು ಬೇಕೆಂದು ಬಯಸಿ, ಸಂಸ್ಕೃತದಲ್ಲಿ ಪಾರಂಗತರಾದ ಅವರು ನಡುವಯಸ್ಸು ದಾಟುವ ಹೊತ್ತಿನಲ್ಲಿ ಇಬ್ರಿಯ ಗ್ರೀಕ್ ಭಾಷೆಗಳ ಮೊದಲನೆಯ ಪಾಠಗಳಿಗೆ ಕುಳಿತರು. ಮುಕ್ತಿಯ ಅಚ್ಚುಕೂಟದಲ್ಲಿ ಮೊಳೆಗಳನ್ನು ಜೋಡಿಸಿದವರೂ ಹಾಳೆಗಳನ್ನು ಮಡಿಸಿದವರೂ ಒಂದು ಕಾಲಕ್ಕೆ ಬರದಲ್ಲಿ ಸಾಯಲಿದ್ದ ಹುಡುಗಿಯರೇ. ನಮ್ಮ ಮುಧೋಳದಲ್ಲಿ ಹುಟ್ಟಿದ ಕವಿ ರನ್ನನನ್ನು ಪೋಷಿಸಿದ ಅತ್ತಿಮಬ್ಬೆಯು ತನ್ನ ಧರ್ಮದ ಗ್ರಂಥವಾದ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬದನ್ನು ಕನ್ನಡಿಗರು ಸಾವಿರ ವರುಷಗಳಿಂದ ಕೊಂಡಾಡುತ್ತಿರುವರು. ಗಂಡನನ್ನು ಕಳಕೊಂಡ ಹೆಂಗಸು ಭಕ್ತಿಯ ಬಲದಿಂದ ಗ್ರಂಥವನ್ನು ಜನರ ಕೈಗೆ ಮುಟ್ಟಿಸಿದ ಆ ಸಾಲಿನಲ್ಲಿ, ಮತವು ಬೇರೆಯಾದರೂ, ರಮಾಬಾಯಿಯವರಿಗೂ ಸ್ಥಾನವುಂಟು.

ಹುಟ್ಟಿದ ನಾಡನ್ನೂ ಅವರು ಮರೆಯಲಿಲ್ಲ. 1912ರ ಸುಮಾರಿಗೆ ಆಗ ನಿಜಾಮರ ರಾಜ್ಯದಲ್ಲಿದ್ದ ಗುಲಬರ್ಗೆಯಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಕ್ರೈಸ್ತ ಹೈಸ್ಕೂಲೊಂದನ್ನು ಸ್ಥಾಪಿಸಿದರು. ಮನೋರಮಾಬಾಯಿಯವರು ಅದರ ಮುಖ್ಯಾಧ್ಯಾಪಿಕೆಯಾದರು. 1919ರಲ್ಲಿ ಸರಕಾರವು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು.

ಕಡೆಯ ಪರೀಕ್ಷೆಯು ಎಲ್ಲಕ್ಕಿಂತಲೂ ಕಠಿಣವಾದದ್ದು. ತಮ್ಮ ನಂತರ ಮುಕ್ತಿಯ ಭಾರವನ್ನು ಹೊರುವಳೆಂದು ನೆನಸಿದ್ದ ಒಬ್ಬಳೇ ಮಗಳು ಮನೋರಮೆಯು 1921ರ ಜುಲೈ ತಿಂಗಳಲ್ಲಿ ನಾಲ್ವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮೊದಲಿನಿಂದಲೂ ಒಬ್ಬೊಬ್ಬರನ್ನಾಗಿ ಕಳಕೊಳ್ಳುತ್ತಾ ಬಂದ ತಾಯಿಗೆ ಉಳಿದಿದ್ದ ರಕ್ತಸಂಬಂಧವು ಅದೊಂದೇ. ಈ ದುಃಖವು ಸಣ್ಣದೆಂದು ಯಾರೂ ಹೇಳಲಾರರು. ಆದರೂ ಆ ತಾಯಿಯು ಕೆಲಸವನ್ನು ಬಿಡಲಿಲ್ಲ, ದೇವರನ್ನು ದೂರಲೂ ಇಲ್ಲ. ಭಾಷಾಂತರದ ಉಳಿದ ಹಾಳೆಗಳನ್ನು ತಿದ್ದುತ್ತಾ ಇದ್ದು, 1922ರ ಏಪ್ರಿಲ್ 5ರಂದು ಮುಕ್ತಿಯಲ್ಲಿಯೇ ನಿದ್ರೆಹೋದರು. ಅವರ ಸತ್ಯವೇದವು ಸಂಪೂರ್ಣವಾಗಿ 1924ರಲ್ಲಿ ಹೊರಬಂತು. ಕೇಡಗಾಂವದ ಮುಕ್ತಿಯು ಅನಾಥೆಯರಿಗೆ ಇಂದಿಗೂ ಮನೆಯಾಗಿದೆ. 1989ರಲ್ಲಿ ಭಾರತ ಸರಕಾರವು ರಮಾಬಾಯಿಯವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಪ್ರಿಯ ವಾಚಕರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ದೇವರಲ್ಲಿ ಭರವಸವಿಟ್ಟವರಿಗೆ ದುಃಖವು ಬಾರದೆಂದು ಇದರಿಂದ ತಿಳಿಯಲಾಗದು. ರಮಾಬಾಯಿಯವರಿಗೆ ಬಂದಷ್ಟು ದುಃಖವು ನಮ್ಮಲ್ಲಿ ಬಹುಜನರಿಗೆ ಬಂದಿಲ್ಲ. ವಿದ್ಯೆಯು ಬೇಡವೆಂದೂ ತಿಳಿಯಲಾಗದು; ವಿದ್ಯೆಯಿಲ್ಲದಿದ್ದರೆ ಮುಕ್ತಿಯೂ ಇಲ್ಲ, ಭಾಷಾಂತರವೂ ಇಲ್ಲ. ನಮಗೆ ತೋರುವದಿಷ್ಟೇ: ತನ್ನ ಬಲದ ಮೇಲೆ ನಿಂತ ಧೈರ್ಯವು ಆ ಬಲವಿರುವ ವರೆಗೆ ಇರುವದು, ದೇವರ ಮೇಲೆ ನಿಂತ ಧೈರ್ಯವು ಬಲವು ಹೋದ ದಿನದಲ್ಲಿಯೂ ಇರುವದು. ಮೊದಲನೆಯದು ತನ್ನನ್ನು ಕಾಪಾಡಿಕೊಳ್ಳುವದರಲ್ಲಿಯೇ ಮುಗಿಯುವದು. ಎರಡನೆಯದು ಭಯದಿಂದ ಬಿಡುಗಡೆಯಾಗಿ ಪರರ ಕಡೆಗೆ ಕೈನೀಡುವದು. ಕಲಕತ್ತೆಯ ಸಭೆಯಲ್ಲಿ ಬಿರುದು ಪಡೆದ ರಮಾಬಾಯಿಯವರನ್ನು ಜನರು ನೋಡಿ ಬೆರಗಾದರು. ಕೇಡಗಾಂವದ ಬಯಲಿನಲ್ಲಿ ನಿಂತ ರಮಾಬಾಯಿಯವರಿಂದ ಎರಡು ಸಾವಿರ ಮಂದಿ ಬದುಕಿಕೊಂಡರು.

ನಮ್ಮ ಹಳೆಯ ವಿದ್ಯಾರ್ಥಿನಿಯರು ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿಯೂ ದೂರದ ಊರುಗಳಲ್ಲಿಯೂ ಇದ್ದಾರೆ. ಕೆಲವರು ಶಿಕ್ಷಕಿಯರು, ಕೆಲವರು ದಾದಿಯರು, ಹಲವರು ಗೃಹಿಣಿಯರು. ಬೇನೆಬೇಸರಿಕೆ, ಸಾಲ, ವೈಧವ್ಯ, ಒಂಟಿತನ ಇವುಗಳಲ್ಲಿ ಯಾವದೊಂದ ನೆರಳೂ ಬೀಳದ ಮನೆಯಿಲ್ಲ. ಅಂಥ ದಿನದಲ್ಲಿ ತಮ್ಮಿಂದೇನಾದೀತೆಂದು ಕುಗ್ಗುವ ಸಹೋದರಿಯು, ರೊಟ್ಟಿಯೆಂಬ ಮಾತನ್ನು ಆಡಲಾರದೆ ನಿಂತ ಹುಡುಗಿಯನ್ನು ದೇವರು ಎಲ್ಲಿಯ ವರೆಗೆ ನಡಿಸಿಕೊಂಡು ಹೋದನೆಂಬದನ್ನು ನೆನಸಿಕೊಳ್ಳಲಿ. ಪಾಲಕರಿಗೆ ನಾವು ಬಿನ್ನೈಸುವದೇನಂದರೆ, ಮಗಳಿಗೆ ವಿದ್ಯೆಯನ್ನು ಕೊಡಿರಿ. ಕೂಡಿದಷ್ಟು ಹಣವನ್ನೂ ಕೊಡಿರಿ. ಆದರೆ ಬೆಳಿಗ್ಗೆ ಎದ್ದು ಪಾಠ ಹೇಳಿದ ಲಕ್ಷ್ಮೀಬಾಯಿಯ ಹಾಗೆ ನಿಮ್ಮ ಹೊತ್ತನ್ನೂ, ಸಾಯುವಾಗ ಮಗಳನ್ನು ದೇವರಿಗೆ ಒಪ್ಪಿಸಿದ ಅನಂತಶಾಸ್ತ್ರಿಗಳ ಹಾಗೆ ನಿಮ್ಮ ಪ್ರಾರ್ಥನೆಯನ್ನೂ ಕೊಡಿರಿ. ಉಳಿದದ್ದು ಕಳ್ಳರಿಗೂ ಬರಕ್ಕೂ ಹೋದೀತು. ಇವೆರಡು ಆಕೆಯ ಸಂಗಡ ಕಡೆಯ ವರೆಗೂ ಬರುವವು.

ಆ ಭರವಸವನ್ನು ದೇವರು ನಮ್ಮ ಶಾಲೆಯ ಮಕ್ಕಳೆಲ್ಲರಿಗೂ ಅನುಗ್ರಹಿಸಲಿ.